ಮಾರುವ ಮನೆಯ ಮುಂಗೋಡೆ

ಬೀದಿಯಲ್ಲಿ ಒಂದು ಮನೆ ಮಾರಾಟಕ್ಕೆ ಬಂದಿದೆಯೆಂಬುದು ದಲ್ಲಾಳಿಯ ಬಾಯಿಂದ ತಿಳಿಯುವುದಕ್ಕೆ ಮುಂಚೆ ಅದರ ಗೋಡೆಯಿಂದಲೇ ತಿಳಿಯುವುದುಂಟು. ಹತ್ತು ವರ್ಷ ಸುಣ್ಣ ಕಾಣದ ಗೋಡೆಯ ಮುಂದೆ ಒಂದು ಬೆಳಿಗ್ಗೆ ಏಣಿ ನಿಲ್ಲುತ್ತದೆ. ಗೇಟಿಗೆ ಹೊಸ ಬಣ್ಣ ಬರುತ್ತದೆ. ಒಡೆದ ಹೂಕುಂಡಗಳು ಹಿತ್ತಿಲಿಗೆ ಹೋಗುತ್ತವೆ. ಕೊಳ್ಳುವವನು ಮೊದಲು ನೋಡುವುದು ಮನೆಯ ಮುಖವನ್ನು. ಆ ಮೊದಲ ನೋಟದಲ್ಲಿಯೇ ಅರ್ಧ ವ್ಯಾಪಾರ ಮುಗಿದಂತೆ ಎಂದು ಅನುಭವಸ್ಥರು ಹೇಳುತ್ತಾರೆ. ಅಮೆರಿಕದವರು ಇದಕ್ಕೊಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ರಸ್ತೆಯ ಅಂಚುಗಲ್ಲಿನ ಬಳಿ ನಿಂತವನನ್ನು ಮನೆಯ ನೋಟ ಎಷ್ಟರಮಟ್ಟಿಗೆ ಸೆಳೆಯುತ್ತದೆ ಎಂಬುದು ಅದರ ತಾತ್ಪರ್ಯ.

ದಲ್ಲಾಳಿಯ ಕಲೆಯನ್ನು ವಿವರಿಸುವುದು ನಮ್ಮ ಉದ್ದೇಶವಲ್ಲ. ಬೀದಿಯಿಂದ ಕಾಣುವ ಈ ಚಂದದ ಹಿಂದೆ ಬೆಳಕು ಮತ್ತು ನೀರುಗಳ ವ್ಯವಹಾರವಿದೆ. ಎರಡೂ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ನಮಗೆ ಪರಿಚಿತವಾದವೇ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಣ್ಣಕ್ಕೆ ಸುರಿದ ಹಣವು ಒಂದೇ ಮಳೆಗಾಲದಲ್ಲಿ ಗೋಡೆಯಿಂದ ಸಿಪ್ಪೆಸಿಪ್ಪೆಯಾಗಿ ಉದುರಿಹೋಗುವುದನ್ನು ವಾಚಕರು ಕಂಡೇ ಇರುತ್ತಾರೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಎಪ್ಪತ್ತೆಂಬತ್ತು ವರ್ಷಗಳ ಹಿಂದೆ ಕಟ್ಟಿದ ಹೆಂಚಿನ ಮನೆ. ಇಟ್ಟಿಗೆಯ ದಪ್ಪ ಗೋಡೆ, ಅದಕ್ಕೆ ಸುಣ್ಣದ ಗಾರೆ, ಮುಂದೊಂದು ಜಗಲಿ. ಮಗಳ ಉನ್ನತ ವ್ಯಾಸಂಗಕ್ಕೆ ಹಣ ಬೇಕಾಗಿ ಮನೆಯವರು ಅದನ್ನು ಮಾರಲು ನಿಶ್ಚಯಿಸಿದ್ದಾರೆ. ಕಾಲೇಜಿಗೆ ಹಣ ಕಟ್ಟಬೇಕಾದುದು ಮಳೆಗಾಲದ ಆರಂಭದಲ್ಲಿ. ಈಗ ಸಂಕ್ರಾಂತಿ ಕಳೆದಿದೆ. ಮನೆಯ ಮುಖವನ್ನು ತಿದ್ದಲು ಅವರು ತೆಗೆದಿರಿಸಿರುವ ಹಣ ಹೆಚ್ಚಿನದಲ್ಲ. ಮುಂಗೋಡೆಯಲ್ಲಿ ನೆಲದಿಂದ ಸುಮಾರು ಎರಡಡಿ ಎತ್ತರದವರೆಗೆ ಮಾಸಲಾದ ತೇವದ ಪಟ್ಟಿಯೊಂದಿದೆ. ಅದರ ಮೇಲಂಚಿನಲ್ಲಿ ಬಿಳಿಯ ಪುಡಿ. ಕಿಟಕಿಯ ಎರಡೂ ಮೂಲೆಗಳಿಂದ ಕರಿಯ ಗೆರೆಗಳು ಇಳಿದಿವೆ. ಬಣ್ಣದ ಗುತ್ತಿಗೆದಾರನು, ‘ಎಲ್ಲಕ್ಕೂ ಪುಟ್ಟಿ ಹಾಕಿ ಮುಚ್ಚಿ ಎಮಲ್ಷನ್ ಹೊಡೆದುಬಿಡೋಣ, ಸ್ವಾಮಿ, ನಾಲ್ಕು ದಿನದ ಕೆಲಸ’ ಎನ್ನುತ್ತಾನೆ. ಮನೆಯ ಹಿರಿಯರು, ‘ಈ ಗೋಡೆಗೆ ಎಂದೂ ಬಳಿದಿರುವ ಸುಣ್ಣವೇ ಸಾಕು’ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತನ್ನು ಕೇಳಬೇಕು?

ಸುಣ್ಣದ ಬಿಳುಪು

ಸುಣ್ಣದ ಕತೆ ಗೂಡಿನಲ್ಲಿ ಮೊದಲಾಗುತ್ತದೆ. ಸುಣ್ಣಕಲ್ಲು ಅಥವಾ ಕಪ್ಪೆಚಿಪ್ಪನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೂರು ಗ್ರಾಂ ಶುದ್ಧವಾದ ಕಲ್ಲಿನಿಂದ 44 ಗ್ರಾಂ ಅನಿಲ ಹೋಗಿ 56 ಗ್ರಾಂ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿದ್ದೊಡನೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ಸೋಸಿ, ಅಂಟು ಬೆರೆಸಿ ಗೋಡೆಗೆ ಬಳಿಯುತ್ತಾರೆ. ಅದು ಗೋಡೆಯ ಮೇಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮರಳಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡುದನ್ನು ಗೋಡೆಯಲ್ಲಿ ಪಡೆದುಕೊಳ್ಳುತ್ತದೆ; ಸುಣ್ಣ ಬಳಿದ ಗೋಡೆಯ ಮೇಲಿರುವುದು ಕಲ್ಲಿನದೇ ಒಂದು ತೆಳುಪದರ.

ಈ ಮಾರ್ಪಾಡು ಒಣ ಸುಣ್ಣದಲ್ಲಿ ಚೆನ್ನಾಗಿ ನಡೆಯದು. ಅನಿಲವು ಮೊದಲು ನೀರಿನಲ್ಲಿ ಕರಗಿ, ಬಳಿಕ ಸುಣ್ಣದೊಡನೆ ಸೇರಬೇಕು. ಆದುದರಿಂದಲೇ ಅನುಭವವುಳ್ಳ ಕೆಲಸಗಾರನು ಮೊದಲು ಗೋಡೆಯನ್ನು ನೀರಿನಿಂದ ನನೆಸುತ್ತಾನೆ, ಉರಿಬಿಸಿಲಿನಲ್ಲಿ ಬಳಿಯುವುದಿಲ್ಲ, ದಪ್ಪನಾಗಿ ಒಂದೇ ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಮೂರು ಸಲ ಬಳಿಯುತ್ತಾನೆ. ಅವಸರದಲ್ಲಿ ಒಣಗಿದ ಸುಣ್ಣ ಕಲ್ಲಾಗದೆ ಪುಡಿಯಾಗಿಯೇ ನಿಲ್ಲುತ್ತದೆ. ಮನೆ ನೋಡಲು ಬಂದವರು ಜಗಲಿಯಲ್ಲಿ ಕುಳಿತು ಗೋಡೆಗೆ ಒರಗಿ ಎದ್ದಾಗ ಬೆನ್ನ ತುಂಬ ಅಂಟಿಕೊಂಡಿರುವುದು ಈ ಪುಡಿಯೇ.

ಇನ್ನು ಬಿಳುಪಿನ ಮಾತು. ಸುಣ್ಣ ಬಳಿಯುವುದನ್ನು ನಿಂತು ನೋಡಿದ ಹುಡುಗರಿಗೆಲ್ಲ ತಿಳಿದಿರುವ ಒಂದು ವಿಚಿತ್ರವಿದೆ. ಕುಂಚ ಎಳೆದಾಗ ಗೋಡೆ ಬೆಳ್ಳಗಾಗುವುದಿಲ್ಲ. ಹಳೆಯ ಕಲೆಗಳೆಲ್ಲ ಮೊದಲಿನಂತೆಯೇ ಕಾಣುತ್ತವೆ. ಗಂಟೆ ಕಳೆದು ನೋಡಿದರೆ ಗೋಡೆ ಹಾಲಿನಂತೆ ಬೆಳಗುತ್ತಿರುತ್ತದೆ. ಸುಣ್ಣದ ಪ್ರಮಾಣ ಹೆಚ್ಚಾಗಿಲ್ಲ; ಹೆಚ್ಚಾಗಿರುವುದು ಗಾಳಿ.

ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಅದರ ಸ್ವಲ್ಪ ಭಾಗ ಗಡಿಯಲ್ಲಿ ಹಿಂತಿರುಗುತ್ತದೆ. ಎಷ್ಟು ಹಿಂತಿರುಗಬೇಕೆಂಬುದು ಎರಡು ಮಾಧ್ಯಮಗಳ ವಕ್ರೀಭವನಾಂಕಗಳ ಅಂತರವನ್ನು ಅವಲಂಬಿಸಿದೆ. ಅಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ, ನೇರವಾಗಿ ಬೀಳುವ ಬೆಳಕಿನಲ್ಲಿ ಹಿಂತಿರುಗುವ ಪಾಲು ದೊರೆಯುತ್ತದೆ. ಸುಣ್ಣದ ಕಣದ ವಕ್ರೀಭವನಾಂಕವನ್ನು ಸ್ಥೂಲವಾಗಿ 1.6 ಎಂದಿಟ್ಟುಕೊಳ್ಳೋಣ. ಗಾಳಿಯದು 1, ನೀರಿನದು 1.33. ಕಣಗಳ ನಡುವೆ ಗಾಳಿಯಿದ್ದರೆ ಒಂದೊಂದು ಗಡಿಯಲ್ಲಿಯೂ ನೂರರಲ್ಲಿ ಐದು ಪಾಲು ಬೆಳಕು ಹಿಂತಿರುಗುತ್ತದೆ. ನೀರಿದ್ದರೆ ಒಂದು ಪಾಲೂ ಇಲ್ಲ. ತೆಳುಪದರದಲ್ಲಿ ಇಂಥ ಗಡಿಗಳು ಸಾವಿರಾರು. ನೀರು ಆರಿ ಅದರ ಸ್ಥಳವನ್ನು ಗಾಳಿ ಹಿಡಿದೊಡನೆ ಬೆಳಕು ಗಡಿಯಿಂದ ಗಡಿಗೆ ಚದರಿ, ಕೆಳಗಣ ಕಲೆಯನ್ನು ಮುಟ್ಟುವುದಕ್ಕೆ ಮೊದಲೇ ನಮ್ಮ ಕಣ್ಣಿಗೆ ಮರಳುತ್ತದೆ.

ಪೇಂಟಿನಲ್ಲಿ ಕಣಗಳ ನಡುವೆ ಗಾಳಿಯ ಬದಲು ಎಣ್ಣೆಯೋ ರಾಳದಂಥ ವಸ್ತುವೋ ಶಾಶ್ವತವಾಗಿ ನಿಲ್ಲುತ್ತದೆ. ಅವುಗಳ ಅಂಕ ಸುಮಾರು 1.5. ಅದರಲ್ಲಿ ಸೀಮೆಸುಣ್ಣ ಬೆರೆಸಿದರೆ ಬಿಳುಪೇ ಬಾರದು. ಬಡಗಿಗಳು ಕಿಟಕಿಗೆ ಗಾಜು ಕೂರಿಸಲು ಬಳಸುತ್ತಿದ್ದ ಪುಟ್ಟಿ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಗಳ ಮಿಶ್ರಣವೇ. ಅದು ಮಣ್ಣಿನ ಬಣ್ಣಕ್ಕಿರುವುದನ್ನು ನೆನೆದುಕೊಳ್ಳಬಹುದು. ಆದುದರಿಂದ ಪೇಂಟಿನವರು ಟೈಟೇನಿಯಂ ಡೈಆಕ್ಸೈಡನ್ನು ಹಿಡಿದರು. ಇದರ ರೂಟೈಲ್ ರೂಪದ ವಕ್ರೀಭವನಾಂಕ ಸುಮಾರು 2.7, ಅಂದರೆ ವಜ್ರದ 2.42ಕ್ಕಿಂತಲೂ ಹೆಚ್ಚು. ಇಂದಿನ ಬಿಳಿಯ ಪೇಂಟುಗಳ ಬಿಳುಪೆಲ್ಲ ಬಹುಮಟ್ಟಿಗೆ ಈ ಒಂದು ಪುಡಿಯ ಕೊಡುಗೆ.

ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವ ಪದ್ಧತಿಯೂ ನಮ್ಮಲ್ಲಿದೆ. ನೀಲಿ ಬಿದ್ದರೆ ಗೋಡೆಯಿಂದ ಬರುವ ಒಟ್ಟು ಬೆಳಕು ನಿಜವಾಗಿ ಕಡಿಮೆಯಾಗುತ್ತದೆ. ಆದರೆ ಸುಣ್ಣದಲ್ಲಿರುವ ನಸುಹಳದಿ ಛಾಯೆ ಅಳಿಸಿಹೋಗುವುದರಿಂದ ಕಣ್ಣು ಅದನ್ನೇ ಹೆಚ್ಚು ಬಿಳುಪೆಂದು ಒಪ್ಪಿಕೊಳ್ಳುತ್ತದೆ. ಇಲ್ಲಿ ಯಾವ ನೀಲಿಯಾದರೂ ನಡೆಯದು. ಸುಣ್ಣ ಉಗ್ರವಾದ ಕ್ಷಾರ. ಪ್ರಷ್ಯನ್ ನೀಲಿ ಅದರಲ್ಲಿ ಒಡೆದು ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಟ್ರಾಮರೀನ್ ನೀಲಿ ಮಾತ್ರ ಕ್ಷಾರಕ್ಕೆ ಜಗ್ಗುವುದಿಲ್ಲ. ಒಂದು ಕಾಲಕ್ಕೆ ಲಾಜವರ್ದವೆಂಬ ರತ್ನಶಿಲೆಯನ್ನು ಅರೆದು ಪಡೆಯುತ್ತಿದ್ದ, ಚಿನ್ನದಂತೆ ಬೆಲೆಬಾಳುತ್ತಿದ್ದ ಈ ಬಣ್ಣವನ್ನು ಕೃತಕವಾಗಿ ತಯಾರಿಸಿದುದಕ್ಕಾಗಿ ಫ್ರಾನ್ಸಿನ ಗಿಮೆ ಎಂಬಾತನಿಗೆ 1828ರಲ್ಲಿ ಬಹುಮಾನ ದೊರೆಯಿತು. ಆ ಬಳಿಕವೇ ಅದು ಅಗಸರ ತೊಟ್ಟಿಗೂ ಸುಣ್ಣದ ಬಕೆಟ್ಟಿಗೂ ಇಳಿಯುವಷ್ಟು ಅಗ್ಗವಾದುದು. ಗೋಡೆಯ ಬುಡಕ್ಕೆ ಬಳಿಯುವ ಕೆಮ್ಮಣ್ಣೂ ಇದೇ ಜಾತಿಯ ಗಟ್ಟಿಗ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಆಗಬೇಕಾದ ತುಕ್ಕು ಆಗಿಯೇ ಹೋಗಿರುವುದರಿಂದ ಬಿಸಿಲಾಗಲಿ ಸುಣ್ಣವಾಗಲಿ ಅದನ್ನು ಮತ್ತೇನೂ ಮಾಡಲಾರವು. ಮಳೆಯ ಕೆಸರು ಸಿಡಿಯುವ ಬುಡಕ್ಕೆ ಮಣ್ಣಿನ ಬಣ್ಣವನ್ನೇ ಆರಿಸಿದವರ ಜಾಣತನವನ್ನು ನಾವು ಮೆಚ್ಚುತ್ತೇವೆ.

ತೇವ ಏಕೆ ಕಪ್ಪಾಗಿ ಕಾಣುತ್ತದೆ?

ನೀರಿಗೆ ಬಣ್ಣವಿಲ್ಲ. ಆದರೂ ನೀರು ಬಿದ್ದ ಗೋಡೆ, ಮಣ್ಣು, ಬಟ್ಟೆ ಎಲ್ಲವೂ ಕಪ್ಪಾಗುತ್ತವೆ. ಇದಕ್ಕೆ ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಮ್ 1925ರಲ್ಲಿ ಕೊಟ್ಟ ವಿವರಣೆ ಬಹಳ ಸರಳವಾದುದು. ಒದ್ದೆ ಗೋಡೆಯ ಮೇಲೆ ನೀರಿನ ತೆಳುಪೊರೆಯಿದೆ ಎನ್ನೋಣ. ಗೋಡೆಯಿಂದ ಚದರಿದ ಬೆಳಕು ಎಲ್ಲ ದಿಕ್ಕುಗಳಲ್ಲಿಯೂ ಹೊರಡುತ್ತದೆ. ನೀರಿನ ಕ್ರಾಂತಿಕ ಕೋನ ಸುಮಾರು 48.6 ಡಿಗ್ರಿ, ಅದಕ್ಕಿಂತ ಹೆಚ್ಚು ಓರೆಯಾಗಿ ಬಂದ ಕಿರಣವು ನೀರಿನಿಂದ ಗಾಳಿಗೆ ದಾಟಲಾರದೆ ಸಂಪೂರ್ಣವಾಗಿ ಪ್ರತಿಫಲಿಸಿ ಗೋಡೆಗೇ ಮರಳುತ್ತದೆ. ಲೆಕ್ಕ ಹಾಕಿದರೆ ಹೊರಟ ಬೆಳಕಿನ ನೂರರಲ್ಲಿ 56 ಪಾಲು ಮಾತ್ರ ಹೊರಗೆ ಬರುತ್ತದೆ, 44 ಪಾಲು ಹಿಂತಿರುಗುತ್ತದೆ. ಹಿಂತಿರುಗಿದ ಬೆಳಕನ್ನು ಹೀರಲು ಗೋಡೆಗೆ ಇನ್ನೊಂದು ಅವಕಾಶ ದೊರೆಯುತ್ತದೆ.

ಒಣಗಿದಾಗ ನೂರರಲ್ಲಿ 60 ಪಾಲು ಬೆಳಕನ್ನು ಹಿಂತಿರುಗಿಸುವ ಗೋಡೆಯು ಈ ಲೆಕ್ಕದಂತೆ ಒದ್ದೆಯಾದಾಗ ಸುಮಾರು 46 ಪಾಲನ್ನಷ್ಟೇ ಕೊಡುತ್ತದೆ. ಇದನ್ನು ಗುಣೋತ್ತರ ಶ್ರೇಢಿಯಾಗಿ ಬರೆದು ಮೊತ್ತ ಮಾಡುವುದು ಕಾಲೇಜಿನ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಸುಮಾರು ನೂರಕ್ಕೆ ಒಂದೆರಡು ಪಾಲು ಬೆಳಕಿನ ಭೇದವನ್ನು ಸಹ ಅಕ್ಕಪಕ್ಕದಲ್ಲಿಟ್ಟರೆ ಗುರುತಿಸಬಲ್ಲ ನಮ್ಮ ಕಣ್ಣಿಗೆ 60 ಮತ್ತು 46ರ ಅಂತರ ಬೀದಿಯ ಆಚೆಯಿಂದಲೇ ಹೊಡೆದು ಕಾಣುತ್ತದೆ. ಅಂದಮೇಲೆ ಬೀದಿಯಿಂದ ಕಾಣುವ ಮುಖದ ಮೊದಲ ಶತ್ರು ಹಳೆಯ ಬಣ್ಣವಲ್ಲ, ನೀರು. ಅದು ಎಲ್ಲಿಂದ ಬರುತ್ತದೆಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿಲ್ಲ.

ನಮ್ಮ ಮನೆಯ ಗೋಡೆಗೆ ನೀರಿನ ದಾರಿಗಳು ಮೂರು. ಮೊದಲನೆಯದು ಸೂರು. ಐವತ್ತು ಚದರ ಮೀಟರಿನ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಇಳಿಯುವ ನೀರು 500 ಲೀಟರ್. ಸೂರಿನಂಚಿಗೆ ನೀರು ಹಿಡಿಯುವ ತಗಡಿನ ದೋಣಿ ಇಲ್ಲದಿದ್ದರೆ ಇಷ್ಟೂ ನೀರು ಗೋಡೆಯ ಬುಡದ ಹತ್ತಿರದ ಒಂದು ಸಾಲಿನಲ್ಲಿ ಸುರಿಯುತ್ತದೆ. ಮೂರು ಮೀಟರ್ ಎತ್ತರದಿಂದ ಬಿದ್ದ ಹನಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವಾಗ ಸೆಕೆಂಡಿಗೆ 7.7 ಮೀಟರ್ ವೇಗದಲ್ಲಿರುತ್ತದೆ. ಬರಿಯ ಮಣ್ಣಿನ ಮೇಲೆ ಬಿದ್ದರೆ ಕೆಸರನ್ನು ಗೋಡೆಗೆ ಸಿಡಿಸುತ್ತದೆ. ಉಳಿದ ನೀರು ಪಾಯಕ್ಕೆ ಇಂಗುತ್ತದೆ.

ಎರಡನೆಯದು ಕಿಟಕಿಯ ಕೆಳಗಣ ಹಾಸು ಮತ್ತು ಮೇಲಣ ಸಜ್ಜಾ. ಚಹಾದ ಪಾತ್ರೆಯಿಂದ ನಿಧಾನವಾಗಿ ಬಗ್ಗಿಸಿದಾಗ ಚಹಾ ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗುಂಟ ಇಳಿದು ಮೇಜನ್ನು ಒದ್ದೆ ಮಾಡುವುದನ್ನು ಎಲ್ಲರೂ ಬಲ್ಲರು. ಇದಕ್ಕೆ 1956ರಲ್ಲಿ ರೈನರ್ ಎಂಬ ವಿಜ್ಞಾನಿ ‘ಚಹಾಪಾತ್ರೆಯ ಪರಿಣಾಮ’ ಎಂದು ಹೆಸರಿಟ್ಟನು. ಮರುವರ್ಷ ಗಣಿತಜ್ಞ ಜೋಸೆಫ್ ಕೆಲ್ಲರ್ ಅದರ ವಿಶ್ಲೇಷಣೆಯನ್ನು ಪ್ರಕಟಿಸಿದನು. ಸಜ್ಜಾದ ಅಂಚಿಗೆ ಬಂದ ಮಳೆನೀರೂ ಹೀಗೆಯೇ ಅಂಚನ್ನು ಸುತ್ತಿ, ಕೆಳಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಯನ್ನು ಸೇರುತ್ತದೆ. ಅಂಚಿನ ಕೆಳಗೆ ಬೆರಳಗಲದ ಒಂದು ಗೀರುಕಾಲುವೆ ಕೊರೆದಿದ್ದರೆ ನೀರು ಅದನ್ನು ದಾಟಲಾರದೆ ಹನಿಯಾಗಿ ಉದುರುತ್ತದೆ. ಒಳ್ಳೆಯ ಮೇಸ್ತ್ರಿ ಈ ಗೀರನ್ನು ಮರೆಯುವುದಿಲ್ಲ. ಮರೆತ ಕಡೆ ನೀರು ಇಳಿಯುವ ದಾರಿಯಲ್ಲಿ ಕರಿಯ ಗೆರೆ ಮೂಡುತ್ತದೆ. ಅದನ್ನು ಹಲವರು ಧೂಳೆಂದು ತಿಳಿಯುತ್ತಾರೆ. ಬಹುಪಾಲು ಅದು ಜೀವವುಳ್ಳ ಪದಾರ್ಥ. ಬರಿಗಣ್ಣಿಗೆ ಕಾಣದ ನೀಲಿಹಸಿರು ಪಾಚಿ ಮಳೆಗಾಲದಲ್ಲಿ ಚಿಗುರಿ, ಬೇಸಗೆಯಲ್ಲಿ ಕಪ್ಪು ಹೊದಿಕೆಯಾಗಿ ಒಣಗಿ ಕುಳಿತು, ಮತ್ತೊಂದು ಮಳೆಗಾಗಿ ಕಾಯುತ್ತದೆ. ಅದರ ಮೇಲೆಯೇ ಬಣ್ಣ ಬಳಿದರೆ ಪಾಚಿಯೊಡನೆ ಬಣ್ಣವೂ ಎದ್ದುಬರುತ್ತದೆ. ಮೊದಲು ಗಟ್ಟಿಯಾದ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಹೊಸ ಸುಣ್ಣದ ಕ್ಷಾರಗುಣ ಪಾಚಿಗೆ ಹಿಡಿಸುವುದಿಲ್ಲವಾದರೂ, ಸುಣ್ಣ ಕಲ್ಲಾಗುತ್ತ ಬಂದಂತೆ ಆ ರಕ್ಷಣೆ ಕುಂದುತ್ತದೆ.

ಮೂರನೆಯ ದಾರಿ ನೆಲದಿಂದ ಮೇಲಕ್ಕೆ. ಕೂದಲೆಳೆಯಂತೆ ಸಣ್ಣ ರಂಧ್ರವುಳ್ಳ ಗಾಜಿನ ನಳಿಕೆಯನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿ ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು ಎಂಬ ನಿಯಮವನ್ನು 18ನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಜುರಿನ್ ಎಂಬ ಇಂಗ್ಲಿಷ್ ವೈದ್ಯನು ಸ್ಥಾಪಿಸಿದನು. ತ್ರಿಜ್ಯ ಒಂದು ಮಿಲಿಮೀಟರ್ ಇದ್ದರೆ ನೀರು ಏರುವುದು ಒಂದೂವರೆ ಸೆಂಟಿಮೀಟರ್. ಮಿಲಿಮೀಟರಿನ ನೂರನೆಯ ಒಂದಂಶವಾದರೆ ಒಂದೂವರೆ ಮೀಟರ್. ಇಟ್ಟಿಗೆ ಮತ್ತು ಗಾರೆಗಳಲ್ಲಿ ಇನ್ನೂ ಕಿರಿದಾದ ರಂಧ್ರಗಳು ಬೇಕಾದಷ್ಟಿವೆ. ಹಾಗಾದರೆ ನೀರು ಮಾಡಿನವರೆಗೂ ಏರದೆ ಎರಡು ಮೂರು ಅಡಿಗೆ ನಿಲ್ಲುವುದೇಕೆ? ದಾರಿಯುದ್ದಕ್ಕೂ ಅದು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಕೆಳಗಿನಿಂದ ಬರುವ ನೀರಿಗೂ ಮೈಯಿಂದ ಆರುವ ನೀರಿಗೂ ಸರಿಹೊಂದುವ ಎತ್ತರವೇ ತೇವದ ಪಟ್ಟಿಯ ಮೇಲಂಚು.

ಗುತ್ತಿಗೆದಾರನ ಸಲಹೆಯ ದೋಷ ಈಗ ಕಾಣುತ್ತದೆ. ಎಮಲ್ಷನ್ ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂಥ ಪೊರೆಯಾಗುತ್ತದೆ. ಕೆಳಗೆ ತೇವವಿಲ್ಲದ ಗಟ್ಟಿ ಸಿಮೆಂಟು ಗೋಡೆಗೆ ಇದು ಒಳ್ಳೆಯದೇ. ಹೊರಗಿನ ಮಳೆಯನ್ನು ಸುಣ್ಣಕ್ಕಿಂತ ಚೆನ್ನಾಗಿ ತಡೆಯುತ್ತದೆ, ಬಹುಕಾಲ ಬಾಳುತ್ತದೆ. ಒದ್ದೆ ಗೋಡೆಗೆ ಹಾಕಿದರೆ ಆವಿ ಹೋಗುವ ದಾರಿ ಕಿರಿದಾಗುತ್ತದೆ. ಕೆಳಗಿನಿಂದ ಬರುವ ನೀರಂತೂ ನಿಲ್ಲದು. ಆರಿಹೋಗಲು ಎಡೆ ಹುಡುಕುತ್ತ ಅದು ಇನ್ನೂ ಮೇಲೇರುತ್ತದೆ, ಇಲ್ಲವೆ ಒಳಗಿನ ಕೋಣೆಯ ಗೋಡೆಯಲ್ಲಿ ಹೊರಬೀಳುತ್ತದೆ. ಎರಡಡಿಯ ಕಲೆಯನ್ನು ಮುಚ್ಚಹೋಗಿ ಮೂರಡಿಯ ಕಲೆಯನ್ನು ಸಂಪಾದಿಸಿದಂತಾಗುತ್ತದೆ.

ಇದಕ್ಕಿಂತ ಕೆಟ್ಟುದು ಉಪ್ಪಿನ ಕೆಲಸ. ಮಣ್ಣಿನಿಂದಲೂ ಇಟ್ಟಿಗೆಯಿಂದಲೂ ಕರಗಿ ಬಂದ ಲವಣಗಳು ನೀರು ಆರುವ ಸ್ಥಳದಲ್ಲಿ ಉಳಿಯುತ್ತವೆ. ಗೋಡೆಯ ಮೈಮೇಲೆಯೇ ಆರಿದರೆ ಬಿಳಿಯ ಪುಡಿಯಾಗಿ ಕಾಣುತ್ತವೆ, ಗುಡಿಸಿದರೆ ಹೋಗುತ್ತವೆ. ಪೊರೆಯ ಹಿಂದೆ ಆರಿದರೆ ಅಲ್ಲಿಯೇ ಹರಳುಗಟ್ಟುತ್ತವೆ. ಸೋಡಿಯಂ ಸಲ್ಫೇಟನ್ನು ನೋಡಿ. 32.4 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಅದು ನೀರನ್ನು ಕೂಡಿಕೊಂಡ ಹರಳಾಗಿಯೂ, ಅದರ ಮೇಲೆ ನೀರಿಲ್ಲದ ಹರಳಾಗಿಯೂ ದ್ರಾವಣದಿಂದ ಹೊರಬೀಳುತ್ತದೆ. ನೀರು ಕೂಡಿದ ಹರಳು ಮೊದಲಿನದರ ಸುಮಾರು ನಾಲ್ಕರಷ್ಟು ಜಾಗವನ್ನು ಬೇಡುತ್ತದೆ. ಬೇಸಗೆಯಲ್ಲಿ ನಮ್ಮ ಹೊರಗೋಡೆಗಳ ಉಷ್ಣತೆ ಈ ಗಡಿಯನ್ನು ಹಗಲು ಮೇಲಕ್ಕೂ ಇರುಳು ಕೆಳಕ್ಕೂ ದಾಟುತ್ತಲೇ ಇರುತ್ತದೆ. ಹೀಗೆ ಹರಳುಗಳು ಉಬ್ಬಿ ಕುಗ್ಗಿ ಗಾರೆಯನ್ನು ಒಳಗಿನಿಂದ ಒಡೆಯುತ್ತವೆ. ಬಣ್ಣದ ಮೇಲೆ ಗುಳ್ಳೆ ಎದ್ದಿದ್ದರೆ ಅದನ್ನು ಉಗುರಿನಿಂದ ಒಡೆದು ನೋಡಬಹುದು. ಒಳಗಿರುವುದು ಹಿಟ್ಟಿನಂಥ ಉಪ್ಪು ಮತ್ತು ಪುಡಿಯಾದ ಗಾರೆ.

ಸುಣ್ಣದ ಪದರದಲ್ಲಾದರೋ ರಂಧ್ರಗಳು ತೆರೆದೇ ಇರುತ್ತವೆ; ಗೋಡೆ ಆರುತ್ತಲೇ ಇರುತ್ತದೆ. ಮನೆಯ ಹಿರಿಯರ ಮಾತು ಈ ಗೋಡೆಯ ಮಟ್ಟಿಗೆ ಸರಿ, ಅವರು ಅದನ್ನು ಅಗ್ಗವೆಂಬ ಕಾರಣಕ್ಕೆ ಹೇಳಿದ್ದರೂ. ಆದರೆ ಸುಣ್ಣ ತೇವವನ್ನು ಗುಣಪಡಿಸುವುದಿಲ್ಲ. ಗುಣವಾಗಲು ಅಡ್ಡಿಪಡಿಸುವುದಿಲ್ಲ, ಅಷ್ಟೆ. ಹಿಂದೆ ಎಮಲ್ಷನ್ ಬಳಿದ ಗೋಡೆಯಾಗಿದ್ದರೆ ಸುಣ್ಣ ಅದಕ್ಕೆ ಹಿಡಿಯುವುದೂ ಇಲ್ಲ.

ಗಾಜಿನ ಪರೀಕ್ಷೆ

ತೇವ ಗೋಡೆಯದೋ ಗಾಳಿಯದೋ ಎಂಬ ಸಂದೇಹ ಬಂದರೆ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಅಂಗೈಯಗಲದ ಗಾಜಿನ ಚೂರನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಸಂದಿಲ್ಲದಂತೆ ಮುಚ್ಚಿ, ಒಂದೆರಡು ದಿನ ಬಿಡಬೇಕು. ಹನಿಗಳು ಗಾಜಿನ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ ಮೂಡಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಮೂಡಿದರೆ ಗಾಳಿಯ ತೇವ ತಣ್ಣನೆಯ ಗೋಡೆಯ ಮೇಲೆ ಸಾಂದ್ರವಾಗುತ್ತಿದೆ. ನೆಲದಿಂದ ಒಂದಡಿ, ಎರಡಡಿ, ನಾಲ್ಕಡಿ ಎತ್ತರಗಳಲ್ಲಿ ಮೂರು ಗಾಜುಗಳನ್ನು ಅಂಟಿಸಿದರೆ ತೇವ ಎಲ್ಲಿಯವರೆಗೆ ಏರಿದೆಯೆಂಬುದೂ ತಿಳಿಯುತ್ತದೆ. ಬಿಸಿಲು ನೇರವಾಗಿ ಬೀಳದ ಸ್ಥಳವಾದರೆ ಒಳ್ಳೆಯದು.

ನಮ್ಮ ಮನೆಯವರು ಹಣವನ್ನು ವ್ಯಯಿಸಬೇಕಾದ ಕ್ರಮ ಇದರಿಂದ ತಾನಾಗಿ ಗೊತ್ತಾಗುತ್ತದೆ. ಮೊದಲ ರೂಪಾಯಿ ಸೂರಿನ ದೋಣಿಗೆ ಮತ್ತು ಅದರ ನೀರನ್ನು ಗೋಡೆಯಿಂದ ದೂರ ಒಯ್ಯುವ ಕೊಳವೆಗೆ. ಬಳಿಕ ಗೋಡೆಯ ಬುಡದಲ್ಲಿ ವರ್ಷಗಳಿಂದ ಏರಿಸಿದ ಹೂಪಾತಿಯ ಮಣ್ಣನ್ನು ತೆಗೆದು, ನೆಲವನ್ನು ಚರಂಡಿಯ ಕಡೆಗೆ ಇಳಿಜಾರು ಮಾಡುವುದಕ್ಕೆ. ಮನೆಗೆ ಶೋಭೆ ತರಲೆಂದು ಮುಂಗೋಡೆಗೆ ಒತ್ತಿ ಗಿಡ ನೆಟ್ಟು ದಿನವೂ ನೀರು ಹನಿಸುವುದು ಎಷ್ಟು ದುಬಾರಿಯ ಶೋಭೆಯೆಂದು ಬೇರೆ ಹೇಳಬೇಕಾಗಿಲ್ಲ. ಕಿಟಕಿಯ ಹಾಸಿನ ಕೆಳಗೆ ಗೀರು. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕೇ ಹೊರತು ತೊಳೆಯಬಾರದು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಇಷ್ಟಾದ ಮೇಲೆ ಸುಣ್ಣ. ಗೇಟು ಕಡೆಯಲ್ಲಿ.

ಗೇಟು ಮತ್ತು ಕಿಟಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಹೇರಳವಾಗಿರುತ್ತಿದ್ದುವು. ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ ನಿಯಮಗಳು ಹೊರಟುದು 2016ರಲ್ಲಿ, ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಪದರಗಳನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ತಿಕ್ಕಿದರೆ ಎದ್ದ ಧೂಳು ಚಿಕ್ಕಮಕ್ಕಳ ಮಿದುಳಿಗೆ ಅಪಾಯಕಾರಿ. ಒದ್ದೆ ಮಾಡಿ ತಿಕ್ಕಬೇಕು, ಮೂಗುಬಾಯಿಗಳಿಗೆ ಧೂಳು ತಡೆಯುವ ಮುಖವಾಡ ಧರಿಸಬೇಕು, ಕಸವನ್ನು ಒಟ್ಟುಮಾಡಿ ಬೇರೆ ಸಾಗಿಸಬೇಕು. ಮಕ್ಕಳು ಅತ್ತ ಸುಳಿಯಬಾರದು. ಮನೆ ಮಾರುವ ಅವಸರದಲ್ಲಿ ಇದನ್ನು ಅಲಕ್ಷಿಸುವವರೇ ಹೆಚ್ಚು.

ಓರೆಬೆಳಕು

ಕಣ್ಣು ಬೆಳಕನ್ನು ಅಳೆಯುವ ಯಂತ್ರವಲ್ಲ, ಹೋಲಿಸುವ ಯಂತ್ರ. ಗೋಡೆಯ ಒಂದು ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದರೆ ಅದುವರೆಗೆ ಸುಮಾರಾಗಿ ಕಾಣುತ್ತಿದ್ದ ಉಳಿದ ಭಾಗ ಒಮ್ಮೆಗೇ ಕೊಳಕಾಗಿ ಕಾಣತೊಡಗುತ್ತದೆ. ಹಣ ಸಾಲದಿದ್ದರೆ ಅರ್ಧ ಗೋಡೆಯನ್ನು ಬೆಳಗಿಸುವುದಕ್ಕಿಂತ ಪೂರ್ತಿ ಗೋಡೆಯನ್ನು ತೊಳೆದು ಬಿಡುವುದೇ ಲೇಸು.

ಗೋಡೆಯ ಉಬ್ಬುತಗ್ಗುಗಳು ಕಾಣುವುದೂ ಕಾಣದಿರುವುದೂ ಬೆಳಕು ಬೀಳುವ ಓರೆಯನ್ನು ಅನುಸರಿಸಿದೆ. ಸೂರ್ಯನ ಕಿರಣ ಗೋಡೆಯ ಮೈಯೊಡನೆ 45 ಡಿಗ್ರಿ ಕೋನದಲ್ಲಿದ್ದಾಗ ಒಂದು ಮಿಲಿಮೀಟರ್ ಉಬ್ಬಿನ ನೆರಳು ಒಂದೇ ಮಿಲಿಮೀಟರ್. ಕೋನ 5 ಡಿಗ್ರಿಗೆ ಇಳಿದಾಗ ಅದೇ ಉಬ್ಬಿನ ನೆರಳು 11 ಮಿಲಿಮೀಟರ್. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಗಳಿಗೆಯಲ್ಲಿ ಒಳಗಿನಿಂದ ಬಿಟ್ಟುಕೊಂಡ ಗಾರೆ, ಪುಟ್ಟಿಯ ತೇಪೆ, ಆಗತಾನೆ ಏಳುತ್ತಿರುವ ಗುಳ್ಳೆ ಎಲ್ಲವೂ ಭೂಪಟದ ಬೆಟ್ಟಗುಡ್ಡಗಳಂತೆ ಎದ್ದುನಿಲ್ಲುತ್ತವೆ. ಹೊಳಪಿನ ಬಣ್ಣ ಇದನ್ನು ಇನ್ನೂ ಎತ್ತಿ ತೋರಿಸುತ್ತದೆ. ಸುಣ್ಣದ ಮಂಕುಮೈ ಸ್ವಲ್ಪ ಮರೆಸುತ್ತದೆ. ಮನೆ ಕೊಳ್ಳುವವರು ಇದನ್ನು ತಿಳಿದಿದ್ದು, ಇರುಳಾದರೆ ಗೋಡೆಗೆ ಒತ್ತಿ ಟಾರ್ಚು ಹಿಡಿದಾದರೂ ನೋಡುವುದು ಒಳ್ಳೆಯದು.

ಉಳಿದುದು ಕಾಲದ ಪ್ರಶ್ನೆ. ನೀರಿನ ದಾರಿಯನ್ನು ಈಗಲೇ ಮುಚ್ಚಿದರೂ ದಪ್ಪ ಗೋಡೆ ಆರಲು ವಾರಗಳು ಸಾಲವು, ತಿಂಗಳುಗಳು ಬೇಕು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ ಬಹಳಮಟ್ಟಿಗೆ ಆರೀತು, ಪೂರ್ತಿಯಾಗಿ ಆರದು. ಕಾಲೇಜಿನ ಹಣವೋ ಕಾಯುವಂತಿಲ್ಲ. ನಾಲ್ಕು ದಿನದ ಎಮಲ್ಷನ್ನಿನ ಆಕರ್ಷಣೆ ಇರುವುದು ಇಲ್ಲಿಯೇ: ಮಳೆ ಬರುವವರೆಗೆ ಗೋಡೆ ಸುಂದರವಾಗಿರುತ್ತದೆ, ಅಷ್ಟರೊಳಗೆ ಮನೆ ಕೈಬಿಟ್ಟಿರುತ್ತದೆ.

ಕಾನೂನು ಇದನ್ನು ಬಹಳ ಹಿಂದೆಯೇ ಯೋಚಿಸಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಮಾರುವವನು ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದ ಮುಖ್ಯ ದೋಷವನ್ನು ತಿಳಿಸಲು ಬದ್ಧನಾಗಿದ್ದಾನೆ. ಕಾಣುತ್ತಿದ್ದ ತೇವಕ್ಕೆ ಪುಟ್ಟಿ ಹಾಕುವುದೆಂದರೆ ಎಲ್ಲರಿಗೂ ಕಾಣುವ ದೋಷವನ್ನು ಕಾಣದ ದೋಷವನ್ನಾಗಿ ಮಾಡುವುದು. ಇದರ ನಷ್ಟ ಕೊಂಡವನೊಬ್ಬನಿಗೇ ಅಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಮೋಟಾರುಗಾಡಿಗಳ ಉದಾಹರಣೆಯಿಂದ ಇದನ್ನು ತೋರಿಸಿದನು. ಒಳ್ಳೆಯದು ಯಾವುದು, ಕೆಟ್ಟುದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಒಳ್ಳೆಯ ಗಾಡಿಯುಳ್ಳವರು ಆ ಬೆಲೆಗೆ ಮಾರಲೊಲ್ಲದೆ ಹಿಂದೆ ಸರಿಯುತ್ತಾರೆ. ಈ ವಿಚಾರಕ್ಕಾಗಿಯೇ 2001ರಲ್ಲಿ ಆತನು ಅರ್ಥಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲುಗಾರನಾದನು. ಹೊಸ ಬಣ್ಣ ಕಂಡೊಡನೆ ‘ಇದರ ಹಿಂದೇನಿದೆಯೋ’ ಎಂದು ಅನುಮಾನಿಸುವ ಗಿರಾಕಿ ಅಕರ್‌ಲಾಫನನ್ನು ಓದಿರಲಾರನು. ಅವನ ತರ್ಕ ಮಾತ್ರ ಅದೇ.

ಆ ಅನುಮಾನವನ್ನು ನಿವಾರಿಸಲು ನಮ್ಮ ಮನೆಯವರ ಕೈಯಲ್ಲಿ ಒಂದು ಸಾಧನವಿದೆ. ಫೆಬ್ರವರಿ ಮೊದಲ ವಾರ ಮೂರು ಎತ್ತರಗಳಲ್ಲಿಯೂ ಗಾಜಿನ ಒಳಗೆ ಹನಿ ಮೂಡಿತ್ತೆನ್ನೋಣ. ದೋಣಿ ಕಟ್ಟಿ, ಮಣ್ಣು ತೆಗೆದು, ಸುಣ್ಣ ಬಳಿದು, ಮಾರ್ಚ್ ಕೊನೆಯಲ್ಲಿ ಮತ್ತೆ ಅಂಟಿಸಿದಾಗ ಕೆಳಗಿನ ಗಾಜಿನಲ್ಲಿ ಮಾತ್ರ ಹನಿಯಿದೆ. ಎರಡೂ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಗಾಜುಗಳನ್ನು ಗೋಡೆಯ ಮೇಲೆಯೇ ಬಿಡಬಹುದು. ನೋಡಲು ಬಂದವರು ಕೇಳಿಯೇ ಕೇಳುತ್ತಾರೆ. ಅವರು ಕೆಳಗಿನ ಒಂದಡಿ ಗಾರೆಯನ್ನು ತೆಗೆದು ಹೊಸದು ಹಾಕುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು, ಮುರಿದುಕೊಳ್ಳಲಿ. ಆ ಖರ್ಚು ಎಷ್ಟೆಂದು ಯಾವ ಮೇಸ್ತ್ರಿಯಾದರೂ ಅಳೆದು ಹೇಳಬಲ್ಲನು.